ಕಣವೋ, ಕೊಳುಗುಳವೋ?

ನಾಡಿನಲ್ಲಿ ಶಾಂತಿಯಿದ್ದರೂ ನಮ್ಮ ಬರವಣಿಗೆಯಲ್ಲಿ ಶಾಂತಿಯಿಲ್ಲ. ಬೆಳಗಿನ ವೃತ್ತಪತ್ರವನ್ನು ಬಿಚ್ಚಿದೊಡನೆ ಕತ್ತಿ ಗುರಾಣಿಗಳ ಸಪ್ಪಳವೇ ಕಿವಿಗೆ ಬೀಳುವದು. ಜಾತ್ರೆಗೆ ಭಕ್ತರು 'ಲಗ್ಗೆ' ಹಾಕುವರು. ಮಾರುಕಟ್ಟೆಗೆ ಮಾವಿನ ಹಣ್ಣು 'ದಾಳಿ' ಇಡುವದು. ಸೊಳ್ಳೆಗಳ ಮೇಲೆ ನಗರಸಭೆಯು 'ಸಮರ' ಸಾರುವದು. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯ 'ರಣರಂಗ'ಕ್ಕೆ ಇಳಿಯುವರು. ಒಬ್ಬ ಮುಂದಾಳು ಇನ್ನೊಬ್ಬನನ್ನು ಕುರಿತು ಒಂದು ಮಾತನಾಡಿದರೆ ಅದು 'ಬಾಂಬು'. ಅದಕ್ಕೆ ಬಂದ ಉತ್ತರ 'ಬ್ರಹ್ಮಾಸ್ತ್ರ'. ಚುನಾವಣೆಯ ಕಾಲದಲ್ಲಂತೂ 'ರಣಕಹಳೆ' ಮೊಳಗದ ಊರಿಲ್ಲ, ಯಾರಾದರೊಬ್ಬರ 'ಭದ್ರಕೋಟೆ'ಯಾಗದ ತಾಲೂಕಿಲ್ಲ. ಇಷ್ಟನ್ನೆಲ್ಲ ಓದಿದವನು ತಲೆಯೆತ್ತಿ ಹೊರಗೆ ನೋಡಿದರೆ ಹಾಲಿನವನು ಹಾಲು ಹಾಕುತ್ತಿರುವನು, ಮಕ್ಕಳು ಶಾಲೆಗೆ ಹೊರಟಿರುವರು. ಹಾಗಾದರೆ ಯುದ್ಧ ನಡೆದದ್ದೆಲ್ಲಿ?

ಇದು ಬರಿಯ ಶೈಲಿಯ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲವೆಂಬದು ನಮ್ಮ ಅಭಿಪ್ರಾಯ. ನಾಡಿನ ಜನರು ದಿನವೂ ಯಾವ ಮಾತನ್ನು ಓದುವರೋ ಆ ಮಾತಿನ ಕಣ್ಣಿನಿಂದಲೇ ನೆರೆಯವನನ್ನು ನೋಡಲು ಕಲಿಯುವರು. ನಾವು ಇದನ್ನು ಬರೆಯುವಾಗ ಕಣ್ಣ ಮುಂದಿರುವದು ಹರಪನಹಳ್ಳಿ ತಾಲೂಕಿನ ಅರಸೀಕೆರೆ. ಹಾಸನ ಜಿಲ್ಲೆಯ ರೇಲ್ವೆ ಜಂಕ್ಷನ್ನಿನ ಅರಸೀಕೆರೆಯಲ್ಲ. ಮಳೆಯನ್ನು ನಂಬಿ ಬಿತ್ತುವ ಸೀಮೆ ಇದು. ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಇಲ್ಲಿ ಪತ್ರಿಕೆಯನ್ನು ಓದುವವರಲ್ಲಿ ಶಾಲೆಯ ಮಾಸ್ತರರೇ ಮುಖ್ಯರು. ಅವರು ಓದಿದ ಮಾತು ಮರುದಿನ ಕರೀಹಲಗೆಯ ಮೇಲೆ ಮೂಡುವದು, ಆ ಮರುದಿನ ಮಕ್ಕಳ ಪಾಟಿಯಲ್ಲಿ. ಆದುದರಿಂದ ಈ ಮೊಕದ್ದಮೆಯನ್ನು ನಾವು ಅವರ ಮುಂದೆಯೇ ಇಡುತ್ತೇವೆ.

ಮೊದಲು ಈ ರೂಢಿಯು ಎಲ್ಲಿಂದ ಬಂದಿತೆಂಬದನ್ನು ನೋಡೋಣ. ಇಂಗ್ಲಿಷಿನಿಂದ ನಮಗೆ ಬಂದು ಈಗ ಹಳ್ಳಿಯ ಕಚೇರಿಯವರೆಗೂ ಹಬ್ಬಿದ ಕೆಲವು ಶಬ್ದಗಳನ್ನು ಕಟಕಟೆಗೆ ಕರೆಯೋಣ. 'ಡೆಡ್‌ಲೈನ್' ಎಂಬದನ್ನು ಇಂದು ಗುಮಾಸ್ತರೂ ಗುತ್ತಿಗೆದಾರರೂ ನಿತ್ಯವೂ ಆಡುವರು. ಅಮೇರಿಕೆಯ ಅಂತಃಕಲಹದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಎಂಬಲ್ಲಿಯ ಸೆರೆಮನೆಯ ಗೋಡೆಯ ಒಳಬದಿಗೆ ಒಂದು ಗೆರೆಯಿತ್ತು. ಅದನ್ನು ದಾಟಿದ ಕೈದಿಯನ್ನು ಕಾವಲುಗಾರನು ಅಲ್ಲಿಯೇ ಸುಡುತ್ತಿದ್ದನು. ಆ ಗೆರೆಯ ಹೆಸರೇ ಅದು. 'ಟಾರ್ಗೆಟ್' ಮುಟ್ಟಲಿಲ್ಲವೆಂದು ಬ್ಯಾಂಕಿನ ನೌಕರನು ನಿದ್ದೆಗೆಡುವನು. ಆ ಶಬ್ದದ ಮೂಲಾರ್ಥವು ಕೈಯಲ್ಲಿ ಹಿಡಿಯುವ ಸಣ್ಣ ಗುರಾಣಿ. 'ಸ್ಲೋಗನ್' ಎಂಬದು ಸ್ಕಾಟ್ಲಂಡದ ಗುಡ್ಡಗಾಡಿನ ಕುಲಗಳು ಕಾಳಗಕ್ಕೆ ನುಗ್ಗುವಾಗ ಕೂಗುತ್ತಿದ್ದ ಕೂಗು. ಈಗ ಸಾಬೂನಿನ ಜಾಹಿರಾತಿಗೂ ಅದೇ ಹೆಸರು. ಚಿತ್ರಮಂದಿರದ ಗೋಡೆಯ ಮೇಲೆ 'ಬ್ಲಾಕ್‌ಬಸ್ಟರ್' ಎಂದು ಬರೆದಿರುವದನ್ನು ಯಾರು ನೋಡಿಲ್ಲ? ಎರಡನೆಯ ಮಹಾಯುದ್ಧದಲ್ಲಿ, 1942ರ ಸುಮಾರಿಗೆ, ಒಂದು ಇಡಿಯ ಓಣಿಯನ್ನೇ ನೆಲಸಮ ಮಾಡಬಲ್ಲ ಬಾಂಬಿಗೆ ಪತ್ರಿಕೆಗಳು ಇಟ್ಟ ಹೆಸರದು. ಮನೆಮಂದಿಯ ಸಮೇತ ಉರಿದುಹೋದ ಓಣಿಗಳ ನೆನಪು ಇಂದು ಮನೆಮಂದಿಯೆಲ್ಲ ಕೂಡಿ ನೋಡುವ ಚಿತ್ರಕ್ಕೆ ಹೊಗಳಿಕೆಯಾಗಿ ನಿಂತಿದೆ.

ಇಂಗ್ಲಿಷರು ಇಂಥ ಶಬ್ದಗಳನ್ನು ಕೂಡಿಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಶತಮಾನಗಟ್ಟಲೆ ಸಮುದ್ರದ ಮೇಲೂ ನೆಲದ ಮೇಲೂ ಕಾದಿದ ಜನಾಂಗವದು; ಅವರ ಅಜ್ಜಂದಿರು ಕಂಡದ್ದನ್ನು ಮೊಮ್ಮಕ್ಕಳು ನುಡಿದರು. ಆದರೆ ಅವರಲ್ಲಿಯೂ ವಿಚಾರವಂತರು ಇದನ್ನು ಮೆಚ್ಚಿದ್ದಿಲ್ಲ. 1946ರಲ್ಲಿ ಜಾರ್ಜ್ ಆರ್ವೆಲ್ ರಾಜಕಾರಣಕ್ಕೂ ಇಂಗ್ಲಿಷು ಭಾಷೆಗೂ ಇರುವ ಸಂಬಂಧವನ್ನು ಕುರಿತು ಬರೆದ ಪ್ರಬಂಧದಲ್ಲಿ, ಸವೆದುಹೋದ ರೂಪಕಗಳನ್ನು ಎತ್ತಿಕೊಳ್ಳುವ ಲೇಖಕನಿಗೆ ತಾನು ಹೇಳುತ್ತಿರುವ ವಸ್ತುವೇ ಕಣ್ಣಿಗೆ ಕಾಣುತ್ತಿಲ್ಲವೆಂಬ ಆಪಾದನೆಯನ್ನು ಹೊರಿಸಿದನು. ಅವನು ತಾನೇ 1937ರಲ್ಲಿ ಸ್ಪೇನಿನ ಕಂದಕದಲ್ಲಿ ನಿಂತು ಕೊರಳಿಗೆ ಗುಂಡು ತಿಂದವನು. ಯುದ್ಧವನ್ನು ಕಂಡವನು ಯುದ್ಧದ ಶಬ್ದವನ್ನು ಜಿಪುಣತನದಿಂದ ಖರ್ಚು ಮಾಡುವನು. ಕಾಣದವನೇ ಅದನ್ನು ಕಡಲೆಯಂತೆ ಚೆಲ್ಲುವನು.

ಹಾಗೆಂದು ಎಲ್ಲ ತಪ್ಪನ್ನೂ ಇಂಗ್ಲಿಷಿನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವದು ನ್ಯಾಯವಲ್ಲ. ಕನ್ನಡ ನಾಡು ಕಾದದ ನಾಡಲ್ಲ. ಊರ ಹೊರಗಿನ ವೀರಗಲ್ಲುಗಳನ್ನು ನೋಡಿರಿ: ತುರುಗೋಳಿನಲ್ಲಿ ದನಗಳನ್ನು ಮರಳಿಸಹೋಗಿ ಸತ್ತವರು, ಊರಳಿವಿನಲ್ಲಿ ಊರನ್ನು ಉಳಿಸಹೋಗಿ ಸತ್ತವರು ಅಲ್ಲಿ ನಿಂತಿರುವರು. ನಮ್ಮ ಸೀಮೆಯಂತೂ ಪಾಳೆಯಗಾರರ ಸೀಮೆ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಹೆಸರು ಹೇಳಿದರೆ ಸಾಕು. 1800ರಲ್ಲಿ ನಿಜಾಮನು ಈ ಜಿಲ್ಲೆಗಳನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಮೇಲೆ 1807ರ ವರೆಗೆ ಇಲ್ಲಿಯ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಕೆಲಸದಲ್ಲಿ ದೊಡ್ಡ ಪಾಲು ಪಾಳೆಯಗಾರರನ್ನು ಅಡಗಿಸುವದೇ ಆಗಿತ್ತು. 'ಪಾಳೆಯ'ವೆಂದರೆ ದಂಡು ಬೀಡುಬಿಟ್ಟ ಸ್ಥಳ. ಇಂದು 'ಮುಂಚೂಣಿ'ಯಲ್ಲಿರುವ ವಿದ್ಯಾರ್ಥಿಯೆಂದು ಮಾಸ್ತರರು ಹೊಗಳುವರಷ್ಟೆ. 'ಚೂಣಿ'ಯೆಂದರೆ ಸೈನ್ಯದ ಮೊಗ, ಮೊದಲು ಸಾಯುವವರ ಸಾಲು. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭಕ್ತರು ಕೂಗುವ 'ಏಳುಕೋಟಿ'ಯು ಮಣಿ ಮಲ್ಲ ದೈತ್ಯರ ಮೇಲೆ ಹೋದ ಮೈಲಾರಲಿಂಗನ ದಂಡಿನ ಎಣಿಕೆಯೆಂದು ಜನರ ನಂಬಿಕೆ. ಅಲ್ಲಿ ವರುಷಕ್ಕೊಮ್ಮೆ ಕಾರಣಿಕವನ್ನು ನುಡಿಯುವ ಗೊರವಯ್ಯನು ಏರುವದು ಬಿಲ್ಲನ್ನು.

ಆ ಗೊರವಯ್ಯನಿಂದಲೇ ನಮ್ಮ ಲೇಖಕರು ಕಲಿಯಬೇಕಾದದ್ದಿದೆ. ಅವನು ಬಿಲ್ಲನ್ನೇರುವದು ವರುಷಕ್ಕೆ ಒಂದು ಸಲ. 'ಸದ್ದಲೇ' ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ ಅವನು ಆಡುವದು ಒಂದು ವಾಕ್ಯ. ಆ ಒಂದು ವಾಕ್ಯವನ್ನು ಮಳೆ ಬೆಳೆಗಳಿಗೂ ರಾಜ್ಯಭಾರಕ್ಕೂ ಹೊಂದಿಸಿ ಜನರು ವರುಷವೆಲ್ಲ ಯೋಚಿಸುವರು. ಬಿಲ್ಲನ್ನು ದಿನಕ್ಕೆ ಹತ್ತು ಸಲ ಏರಿ ಹತ್ತು ವಾಕ್ಯ ನುಡಿದಿದ್ದರೆ ಯಾರು ಕಿವಿಗೊಡುತ್ತಿದ್ದರು?

ಹಿಂದಿನವರ ನುಡಿಯಲ್ಲಿ ಯುದ್ಧದ ಒಂದೊಂದು ಶಬ್ದಕ್ಕೂ ಒಂದೊಂದು ಕೆಲಸವಿತ್ತು. 'ಮುತ್ತಿಗೆ'ಯೆಂದರೆ ಕೋಟೆಯನ್ನು ಸುತ್ತುವರಿದು ಅನ್ನ ನೀರು ಕಟ್ಟಿ ಕಾಯುವದು. 'ಲಗ್ಗೆ'ಯೆಂದರೆ ಗೋಡೆಯನ್ನು ಹತ್ತಿ ಒಳನುಗ್ಗುವದು. 'ದಾಳಿ'ಯೆಂದರೆ ಹೇಳದೆ ಕೇಳದೆ ಬಂದು ಬೀಳುವದು. 'ಸೂರೆ'ಯೆಂದರೆ ಗೆದ್ದ ಮೇಲೆ ದೋಚುವದು. ಈ ನಾಲ್ಕನ್ನೂ ಇಂದು ಒಂದೇ ಗಡಿಗೆಗೆ ಹಾಕಿ ಕಲಸಲಾಗಿದೆ. ಕೊಟ್ಟೂರೇಶ್ವರನ ತೇರಿಗೆ ಬಂದ ಭಕ್ತರು ಲಗ್ಗೆ ಹಾಕಿದರೆಂದು ಬರೆಯುವವನನ್ನು ನಾವು ಪಾಟೀಸವಾಲು ಮಾಡುವದಾದರೆ ಕೇಳುವೆವು: ಯಾವ ಗೋಡೆಯನ್ನು ಹತ್ತಿದರು? ಯಾರನ್ನು ಕೊಂದರು? ಬಾಳೆಹಣ್ಣು ಉತ್ತತ್ತಿ ಹಿಡಿದು ಬರಿಗಾಲಿನಲ್ಲಿ ನಡೆದುಬಂದ ಮುದುಕಿಯು ಯಾವ ಪಡೆಗೆ ಸೇರಿದವಳು? ಸಾಕ್ಷಿಗೆ ಉತ್ತರವಿರುವದಿಲ್ಲ. ಜನರು ಕಾಲ್ನಡಿಗೆಯಿಂದ ಬಂದರೆಂದು ಬರೆದಿದ್ದರೆ ಆ ಧೂಳಿನ ದಾರಿ ಕಣ್ಣಿಗೆ ಕಟ್ಟುತ್ತಿತ್ತು. 'ಲಗ್ಗೆ' ಎಂದಾಗ ಏನೂ ಕಾಣದು. ಸಪ್ಪಳವೊಂದು ಕೇಳುವದು, ಅಷ್ಟೆ. ಇದು ಮೊದಲನೆಯ ನಷ್ಟ.

ಎರಡನೆಯ ನಷ್ಟ ಇದಕ್ಕಿಂತ ಭಾರವಾದದ್ದು. ಯುದ್ಧವೆಂದ ಮೇಲೆ ಶತ್ರು ಬೇಕು. ಶತ್ರುವಿಲ್ಲದಲ್ಲಿ ಶಬ್ದವೇ ಶತ್ರುವನ್ನು ಹುಡುಕಿ ತರುವದು. 2020ನೆಯ ಇಸವಿಯ ಮಾರಿಬೇನೆಯನ್ನು ನೆನೆಯಿರಿ. ಆ ವರುಷ ಮಾರ್ಚಿ 25ರಂದು ಪ್ರಧಾನಮಂತ್ರಿಗಳು, ಮಹಾಭಾರತದ ಯುದ್ಧವು 18 ದಿನಗಳಲ್ಲಿ ಗೆದ್ದದ್ದು, ಈ ಯುದ್ಧವನ್ನು 21 ದಿನಗಳಲ್ಲಿ ಗೆಲ್ಲುವ ಪ್ರಯತ್ನ ನಮ್ಮದು ಎಂಬರ್ಥದ ಮಾತನ್ನಾಡಿದರು. ಜನರಿಗೆ ಧೈರ್ಯ ಹೇಳುವ ಉದ್ದೇಶ ಅದರಲ್ಲಿತ್ತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ಆ ಬೇನೆಯ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಯುದ್ಧಕ್ಕೆ ಕೊನೆಯ ದಿನವೊಂದಿರುವದು, ಜಯಭೇರಿಯೊಂದಿರುವದು. ಬೇನೆಗೆ ಅವೆರಡೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯನ್ನು ಶತ್ರುವೆಂದು ಕರೆದಾಗ ಜನರ ಕಣ್ಣಿಗೆ ಕಾಣುವ ಶತ್ರುವು ಯಾರು? ಬೇನೆ ತಗಲಿದ ನೆರೆಮನೆಯವನೇ. ವೈದ್ಯರನ್ನೂ ದಾದಿಯರನ್ನೂ 'ಯೋಧ'ರೆಂದು ಹೊಗಳಿ ಚಪ್ಪಾಳೆ ತಟ್ಟಿದ ದೇಶದಲ್ಲಿಯೇ ಅವರಲ್ಲಿ ಕೆಲವರಿಗೆ ಬಾಡಿಗೆಯ ಮನೆ ಬಿಡಿರೆಂದು ಹೇಳಿದವರಿದ್ದರು. ಅದೇ ವರುಷದ ಜೂನ್ ತಿಂಗಳ ಕೊನೆಗೆ ನಮ್ಮ ಬಳ್ಳಾರಿಯಲ್ಲಿ, ಆ ಬೇನೆಯಿಂದ ಸತ್ತವರ ಹೆಣಗಳನ್ನು ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ದೇಶವೆಲ್ಲ ಕಂಡು ನಾಚಿತು. ಜಿಲ್ಲಾಡಳಿತವು ಕ್ಷಮೆ ಬೇಡಿತು. ಒಂದು ಶಬ್ದವೇ ಇದಕ್ಕೆಲ್ಲ ಕಾರಣವೆಂದು ಹೇಳುವಷ್ಟು ಅವಿಚಾರ ನಮ್ಮದಲ್ಲ. ಹೆದರಿಕೆ ಇತ್ತು, ಅವಸರವಿತ್ತು. ಆದರೆ ಹೆದರಿದ ಮನಸ್ಸಿಗೆ ಯುದ್ಧದ ಮಾತು ಮದ್ದಾಗುವದಿಲ್ಲ. 'ಆರೈಕೆ' ಎಂಬ ಮಾತು ಪತ್ರಿಕೆಯ ತಲೆಬರಹದಲ್ಲಿ ದಿನವೂ ಬಂದಿದ್ದರೆ ಕೈಗಳು ತುಸು ಮೆತ್ತಗಾಗುತ್ತಿದ್ದವೆಂದು ನಂಬಲು ಅವಕಾಶವಿದೆ. ಅಮೇರಿಕೆಯ ಸೂಸನ್ ಸೊಂಟಾಗ್ ತಾನು ಅರ್ಬುದ ರೋಗವನ್ನು ಅನುಭವಿಸಿ 1978ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಮಾತನ್ನೆತ್ತಿದಳು: ರೋಗಕ್ಕೆ ರಣರೂಪಕವನ್ನು ತೊಡಿಸಿದರೆ ರೋಗಿಗೆ ರೋಗದ ಮೇಲೆ ಕಳಂಕವೂ ಸೇರುವದು.

ಮೂರನೆಯ ನಷ್ಟವು ವಕೀಲಿಯ ವೃತ್ತಿಯಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಒಂದು ಮೊಳ ಬದುವಿನ ಸಲುವಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಲು ಹತ್ತುವರು. ಅದನ್ನು ಅವರು ವ್ಯಾಜ್ಯವೆಂದು ತಿಳಿದಿರುವ ವರೆಗೆ ರಾಜಿಗೆ ದಾರಿಯುಂಟು. 'ಯುದ್ಧಕ್ಕೆ ನಿಂತಿದ್ದೇನೆ' ಎಂದು ಊರ ಮುಂದೆ ಒಂದು ಸಲ ಆಡಿದ ಮೇಲೆ ರಾಜಿಯೆಂಬದು ಸೋಲೆನಿಸುವದು, ಹಿಂದೆ ಸರಿದವನು ಹೇಡಿಯೆನಿಸುವನು. 1987ರ ಕಾಯಿದೆಯು ಲೋಕ ಅದಾಲತ್ತುಗಳಿಗೆ ಶಾಸನದ ಬಲ ಕೊಟ್ಟು, ಗೆದ್ದವನೂ ಸೋತವನೂ ಇಲ್ಲದ ತೀರ್ಮಾನಕ್ಕೆ ಬಾಗಿಲು ತೆರೆಯಿತು. ಕಾಯಿದೆ ತೆರೆದ ಬಾಗಿಲನ್ನು ಮಾತು ಮುಚ್ಚಬಾರದು.

ಅಣ್ಣತಮ್ಮಂದಿರಿಗೆ ಸಲ್ಲುವ ಈ ಮಾತು ರಾಜ್ಯ ರಾಜ್ಯಗಳಿಗೂ ಸಲ್ಲುವದು. ಕಾವೇರಿಯ ವಾದವನ್ನು ಎಷ್ಟು ಸಲ 'ಜಲಸಮರ'ವೆಂದು ಕರೆದಿಲ್ಲ? ಆ ಸಮರವೆಂಬ ಮಾತಿನಿಂದ ನಮಗೆ ಒಂದು ಕೊಡ ನೀರು ಬರಲಿಲ್ಲ. 1991ರ ಡಿಸೆಂಬರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ನೀರು ಬಂದದ್ದು 2018ರ ಫೆಬ್ರುವರಿ 16ರಂದು, ಸುಪ್ರೀಮ್ ಕೋರ್ಟಿನ ತೀರ್ಪಿನಿಂದ. ಕರ್ನಾಟಕದ ಪಾಲು 270 ಟಿಎಂಸಿ ಅಡಿಯಿಂದ 284.75ಕ್ಕೆ ಏರಿತು. ಆ 14.75ರಲ್ಲಿ 10 ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ, 4.75 ಬಂದದ್ದು ಬೆಂಗಳೂರಿನ ಕುಡಿಯುವ ನೀರಿನ ಅವಶ್ಯಕತೆಯನ್ನು ಒಪ್ಪಿದುದರಿಂದ. ಅಳತೆ, ಲೆಕ್ಕ, ದಾಖಲೆ, ತಾಳ್ಮೆಯ ವಾದ: ಇವು ತಂದ ನೀರದು.

ಇಲ್ಲಿ ವಾಚಕರಲ್ಲಿ ಕೆಲವರು ಎದ್ದುನಿಂತು ಕೇಳಬಹುದು: 'ಹಾಗಾದರೆ ಸ್ವಾತಂತ್ರ್ಯದ ಚಳವಳಿಯವರು ಇದೇ ಮಾತುಗಳನ್ನು ಆಡಲಿಲ್ಲವೆ? ಡಾ. ನಾ. ಸು. ಹರ್ಡೀಕರರು ಕಟ್ಟಿದ್ದು ಸೇವಾ 'ದಳ'ವಲ್ಲವೆ? 1921ರಲ್ಲಿ ಧಾರವಾಡದಿಂದ ಹೊರಟ ಪತ್ರಿಕೆಯ ಹೆಸರು ಕರ್ಮ'ವೀರ'ವಲ್ಲವೆ?' ಆಕ್ಷೇಪವು ಯೋಗ್ಯವಾದದ್ದು, ಉತ್ತರವನ್ನು ಕೊಡುವೆವು.

ಅವರು ಯುದ್ಧದ ಮಾತನ್ನು ಎರವಲು ತರಲಿಲ್ಲ; ತಿರುಗಿಸಿಹಾಕಿದರು. 'ದಳ'ವೆಂದೊಡನೆ ಕೇಳುವವನು ಕೋವಿಯನ್ನು ನಿರೀಕ್ಷಿಸುವನು. ಅದರ ಹಿಂದೆ 'ಸೇವೆ' ಬಂದು ನಿಂತರೆ ಅವನು ಬೆಚ್ಚಿ ಯೋಚಿಸುವನು. 'ವೀರ'ನೆಂದೊಡನೆ ಕತ್ತಿಯನ್ನು ನಿರೀಕ್ಷಿಸುವವನಿಗೆ 'ಕರ್ಮ'ವನ್ನು ತೋರಿಸುವದು ಹೊಸ ದೃಷ್ಟಿಯನ್ನು ಕೊಟ್ಟಂತೆ. ಇದು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕಳಿಂಗದ ಯುದ್ಧದಿಂದ ನೊಂದ ಆ ಅರಸನು ಭೇರಿಯ ಘೋಷವು ಧರ್ಮದ ಘೋಷವಾಯಿತೆಂದೂ ಧರ್ಮದ ಗೆಲವೇ ಹಿರಿದಾದ ಗೆಲವೆಂದೂ ಸಾರಿದನು. ಕನ್ನಡದ ಆದಿಕವಿ ಪಂಪನೂ ಕತ್ತಿ ಹಿಡಿದವನೇ. ಆದರೂ ಅವನ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ಸೈನಿಕರು ಕಾದಲಿಲ್ಲ. ಅಣ್ಣ ತಮ್ಮಂದಿರಿಬ್ಬರೇ ದೃಷ್ಟಿಯಿಂದ, ನೀರಿನಿಂದ, ಮಲ್ಲಯುದ್ಧದಿಂದ ಸ್ಪರ್ಧಿಸಿದರು. ಗೆದ್ದವನು ಗೆಲವನ್ನೇ ಬಿಟ್ಟು ತಪಸ್ಸಿಗೆ ಹೊರಟನು.

ಗಾಂಧೀಜಿಯವರು ಯುದ್ಧವನ್ನು ಕಣ್ಣಾರೆ ಕಂಡವರು. 1899ರ ಬೋಅರ್ ಯುದ್ಧದಲ್ಲಿಯೂ 1906ರ ಝೂಲು ದಂಗೆಯಲ್ಲಿಯೂ ಗಾಯಾಳುಗಳನ್ನು ಹೊತ್ತವರು. ತಮ್ಮ ಚಳವಳಿಗೆ ಹೆಸರು ಬೇಕಾದಾಗ ಅವರು ಸಿಕ್ಕ ಶಬ್ದವನ್ನು ಎತ್ತಿಕೊಳ್ಳಲಿಲ್ಲ. ಇಂಗ್ಲಿಷಿನ ಹೆಸರು ಒಪ್ಪಿಗೆಯಾಗದೆ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಬಹುಮಾನವಿಟ್ಟು ಹೆಸರು ಕೇಳಿದರು. ಮಗನಲಾಲ ಗಾಂಧಿಯವರು ಸೂಚಿಸಿದ 'ಸದಾಗ್ರಹ'ವನ್ನು ತಿದ್ದಿ 'ಸತ್ಯಾಗ್ರಹ' ಮಾಡಿದರು. ಒಂದು ಶಬ್ದಕ್ಕಾಗಿ ಎಷ್ಟು ಎಚ್ಚರ! 1930ರ ಮಾರ್ಚಿ 12ರಂದು ಸಾಬರಮತಿಯಿಂದ ಅವರ ಜೊತೆ ದಂಡಿಗೆ ಹೊರಟ 78 ಮಂದಿಯಲ್ಲಿ ಕನ್ನಡಿಗನೊಬ್ಬನೇ: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಅರಸರ ದಂಡಯಾತ್ರೆಗಳನ್ನು ಕೇಳಿದ್ದ ನಾಡಿಗೆ ದಂಡಿಲ್ಲದ ಈ ದಂಡಿಯಾತ್ರೆಯು ಯಾತ್ರೆಯ ಅರ್ಥವನ್ನೇ ಮರಳಿ ಕಲಿಸಿತು. ಅದೇ ಮಹಾದೇವಪ್ಪನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟು ಮಡಿದನು. ಇಂಥವರನ್ನು ವೀರರೆಂದರೆ ಶಬ್ದಕ್ಕೆ ಗೌರವ. ಅವರ ಸಾಲಿನಲ್ಲಿ ಹೊಸ ಸಾಬೂನಿನ ಮಾರಾಟಗಾರನನ್ನೂ ನಿಲ್ಲಿಸಿದರೆ ಅಗೌರವವಾಗುವದು ಸಾಬೂನಿಗಲ್ಲ, ಸತ್ತವರಿಗೆ.

ಚಿತ್ರದುರ್ಗದ ಓಬವ್ವನನ್ನು ನೆನೆಯಿರಿ. ನಮ್ಮ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯೇ ಆಕೆಯ ತವರೆಂದು ಜನರು ಹೇಳುವರು. ಹೈದರನ ಸೈನಿಕರು ಕಿಂಡಿಯಿಂದ ನುಸುಳಿದಾಗ ಆಕೆಯ ಕೈಗೆ ಸಿಕ್ಕದ್ದು ಒನಕೆ. ಅಡಿಗೆಮನೆಯ ಸಾಮಾನು ಗತ್ಯಂತರವಿಲ್ಲದೆ ಯುದ್ಧಕ್ಕೆ ಹೋಯಿತು. ಇಂದು ಯುದ್ಧದ ಸಾಮಾನು ಯಾವ ಗತಿಗೇಡೂ ಇಲ್ಲದೆ ಅಡಿಗೆಮನೆಗೆ ಬಂದು ಕುಳಿತಿದೆ.

ಏಕೀಕರಣದ ಮಾತನ್ನು ಈ ಪತ್ರದಲ್ಲಿ ಆಡದೆ ಬಿಡಲಾಗದು. ನಮ್ಮ ಹಿರಿಯರು ಆ ಕಾರ್ಯಕ್ಕೆ ಆರಿಸಿಕೊಂಡ ಶಬ್ದಗಳನ್ನು ತೂಗಿನೋಡಿರಿ. 'ಚಳವಳಿ'ಯಲ್ಲಿರುವದು ಚಲನೆ, 'ಆಂದೋಲನ'ದಲ್ಲಿರುವದು ತೂಗುಯ್ಯಾಲೆ, 'ಏಕೀಕರಣ'ದಲ್ಲಿರುವದು ಒಂದಾಗುವದು. ಮೂರರಲ್ಲಿ ಒಂದಕ್ಕೂ ಶತ್ರುವಿನ ಅಗತ್ಯವಿಲ್ಲ. ಫಲವು ಬಂದದ್ದೂ ಆ ದಾರಿಯಿಂದಲೇ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮುಂತಾದವು ಅಕ್ಟೋಬರ 1ರಂದು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲೂಕಿನ ತಂಟೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿದರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿಯನ್ನು ಆಂಧ್ರಕ್ಕೆ ಕೊಡಬೇಕೆಂದಾಗ ನಾಡಿಗರು ಮತ್ತೆ ಅಂಕಿಸಂಖ್ಯೆಗಳನ್ನು ಮುಂದಿಟ್ಟು ವಾದಿಸಿದರು. ಆ ಸಲಹೆ ಬಿದ್ದುಹೋಗಿ 1956ರ ನವೆಂಬರ 1ರಂದು ನಾಡು ಒಂದಾಯಿತು. ಅದೇ ಬಳ್ಳಾರಿಯಲ್ಲಿ, 1953ರ ಆ ಸೇರ್ಪಡೆಯ ಹಿಂದಿನ ರಾತ್ರಿ, ಉತ್ಸವದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬನ್ನು ಎಸೆದರು, ಅವರು ಉಳಿಯಲಿಲ್ಲ. ನೆರೆಯ ಭಾಷೆಯವನು ವೈರಿಯೆಂದು ನಂಬಿದ ಕೈ ಮಾಡಿದ ಕೆಲಸವದು. ಅಂದು ಅವರು ಕಾದದ್ದು ಚಪ್ಪರವನ್ನು, ಕೋಟೆಯನ್ನಲ್ಲ. ಕನ್ನಡ ತೆಲುಗುಗಳೆರಡನ್ನೂ ಒಂದೇ ಸಂತೆಯಲ್ಲಿ ಕೇಳುವ ಈ ಗಡಿಸೀಮೆಯಲ್ಲಿ ಮಾತನ್ನು ಹರಿತಗೊಳಿಸುವವರು ಆ ಚಪ್ಪರವನ್ನು ನೆನೆಯಬೇಕು.

ಹಾಗಾದರೆ ರಣದ ಮಾತನ್ನು ಬಿಟ್ಟರೆ ಬರವಣಿಗೆಗೆ ಕಸುವೆಲ್ಲಿಂದ ಬರಬೇಕು? ಕನ್ನಡದ ಹೊಲದಿಂದಲೇ ಬರಬೇಕು. 'ಹೂಡು' ಎಂಬ ಒಂದು ಕ್ರಿಯಾಪದವನ್ನು ನೋಡಿರಿ. ಬಾಣವನ್ನೂ ಹೂಡುವರು, ನೇಗಿಲನ್ನೂ ಹೂಡುವರು; ಒಲೆಯನ್ನೂ ಹೂಡುವರು, ಕೋರ್ಟಿನಲ್ಲಿ ದಾವೆಯನ್ನೂ ಹೂಡುವರು. ದಾವೆ ಹೂಡುವವನು ಬಿಲ್ಲುಗಾರನೆಂದು ತಿಳಿಯುವಿರೋ, ಒಕ್ಕಲಿಗನೆಂದು ತಿಳಿಯುವಿರೋ? ಭಾಷೆಯು ಎರಡು ದಾರಿಗಳನ್ನೂ ತೆರೆದಿಟ್ಟಿದೆ, ಆಯ್ಕೆ ನಮ್ಮದು.

'ಕಣ'ದ ಕಥೆಯೂ ಅಷ್ಟೆ. ಹಳಗನ್ನಡದಲ್ಲಿ 'ಕಳ'ವೆಂದರೆ ಒಕ್ಕಣೆಯ ನೆಲವೂ ಹೌದು, ಕಾಳಗದ ನೆಲವೂ ಹೌದು. ಕೊಲ್ಲುವ ಕಳವೇ 'ಕೊಳುಗುಳ'ವಾಯಿತು. ಇಂದು ನಾವು 'ಚುನಾವಣಾ ಕಣ'ವೆಂದು ಬರೆಯುವಾಗ ಪತ್ರಿಕೆಗಳ ಕಣ್ಣಿಗೆ ಕಾಣುವದು ಕೊಳುಗುಳ ಮಾತ್ರ. ಆದರೆ ಅರಸೀಕೆರೆಯ ಒಕ್ಕಲಿಗನಿಗೆ ಕಣವೆಂದರೇನು? ಗುಡಿಸಿ ಸಾರಿಸಿದ ನೆಲ. ಕೆರವು ಮೆಟ್ಟಿ ಕಾಲಿಡಬಾರದ ನೆಲ. ನಡುವೆ ಮೇಟಿ, ಸುತ್ತ ಎತ್ತು. ಗಾಳಿಗೆ ತೂರಿದರೆ ಜಳ್ಳು ಹಾರಿ ಗಟ್ಟಿಕಾಳು ನಿಲ್ಲುವ ಜಾಗ. ರಾಶಿಯಾದ ಮೇಲೆ ಆಯಗಾರರಿಗೂ ಬೇಡಿಬಂದವರಿಗೂ ಮೊರ ತುಂಬಿ ಕೊಡುವ ಜಾಗ. ಮತದಾರನು ಐದು ವರುಷಕ್ಕೊಮ್ಮೆ ಮಾಡುವದು ಇದನ್ನೇ ಅಲ್ಲವೆ? ಅವನು ಯಾರ ತಲೆಯನ್ನೂ ಕಡಿಯುವದಿಲ್ಲ, ತೂರುವನು. ಜಳ್ಳು ಯಾವದು ಕಾಳು ಯಾವದೆಂದು ಗಾಳಿಯೇ ಹೇಳುವದು. ಗೆದ್ದವನ ಹೊಲವೂ ಸೋತವನ ಹೊಲವೂ ಮುಂದಿನ ಮುಂಗಾರಿನಲ್ಲಿ ಒಂದೇ ಮಳೆಗೆ ಕಾಯುವವು.

ಶಿಕ್ಷಕ ಬಂಧುಗಳಲ್ಲಿಯೂ ಲೇಖಕರಲ್ಲಿಯೂ ನಮ್ಮ ವಿನಂತಿ ಇಷ್ಟೆ. ಯುದ್ಧದ ಶಬ್ದಗಳನ್ನೆಲ್ಲ ಗಡೀಪಾರು ಮಾಡಿರೆಂದು ನಾವು ಹೇಳುವದಿಲ್ಲ. 'ಮುಂಚೂಣಿ'ಯಂಥವು ಸವೆದು ನುಣುಪಾಗಿ ಮನೆಯ ಕಲ್ಲಾಗಿವೆ, ಅವು ಇರಲಿ. ಆದರೆ ಹೊಸದಾಗಿ ಒಂದು ರಣಶಬ್ದವನ್ನು ಬರೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಲ್ಲಿ ಶತ್ರು ಯಾರು? ಈ ಶಬ್ದವನ್ನು ತೆಗೆದು ನಡೆದದ್ದನ್ನೇ ಹೇಳಿದರೆ ಹೆಚ್ಚು ಚೆನ್ನಾಗಿ ಕಾಣಿಸುವದಿಲ್ಲವೆ? ನಾವು ಶತ್ರುವೆಂದವನ ಜೊತೆಯಲ್ಲಿ ನಾಳೆ ಒಂದೇ ಬಾವಿಯ ನೀರು ಕುಡಿಯುವದಿದೆಯೆ? 'ಸೊಳ್ಳೆಯ ಮೇಲೆ ಸಮರ' ಎಂದು ಬರೆದ ಹುಡುಗನಿಗೆ, 'ನಿಂತ ನೀರನ್ನು ಚೆಲ್ಲಿದೆವು' ಎಂದು ತಿದ್ದಿಕೊಡಿರಿ. ಭಾಷೆಯೂ ಶುದ್ಧವಾಗುವದು, ಚರಂಡಿಯೂ ಶುದ್ಧವಾಗುವದು. 'ಪರೀಕ್ಷೆಯ ರಣರಂಗ'ವೆಂದು ಓದಿ ನಡುಗುವ ಮಗುವಿಗೆ, ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಎಂಬ ಹಿರಿಯರ ಗಾದೆಯನ್ನು ಹೇಳಿರಿ. ವರುಷವೆಲ್ಲ ಬಿತ್ತಿದವನಿಗೆ ಪರೀಕ್ಷೆಯು ಸುಗ್ಗಿ.

ಹೊಸಪೇಟೆಯ ಬಳಿ ಡಣಾಯಕನ ಕೆರೆಯೆಂದು ಒಂದು ಹಳೆಯ ಕೆರೆಯಿದೆ. ಡಣಾಯಕನೆಂದರೆ ದಂಡನಾಯಕ, ಸೇನಾಪತಿ. ಆ ಸೇನಾಪತಿಯು ಯಾವ ಯಾವ ಕೋಟೆಗಳಿಗೆ ಲಗ್ಗೆಯಿಟ್ಟನೆಂಬದನ್ನು ಕೆರೆಯ ಕೆಳಗಿನ ರೈತನು ಬಲ್ಲನೆ? ಅವನ ನಾಲಗೆಯ ಮೇಲೆ ದಂಡನಾಯಕನ ಹೆಸರು ನಿಂತಿರುವದು ಆ ನೀರಿನಿಂದ. ದಂಡಿನ ಶಬ್ದವು ನಮ್ಮ ಭಾಷೆಯಲ್ಲಿ ಉಳಿಯುವದಾದರೆ ಹೀಗೆ ಉಳಿಯಲಿ: ಹಿಂದೆ ನೀರು ನಿಲ್ಲಿಸಿ, ಮುಂದೆ ಬೆಳೆ ಬೆಳೆಯಿಸಿ.